ಎಕರೆಯ ಲೆಕ್ಕ, ಫಲದ ಲೆಕ್ಕ

ವಕ್ಫಿನ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಯೆಲ್ಲ ಎರಡು ಶಬ್ದಗಳ ಸುತ್ತಲೇ ಸುತ್ತುತ್ತಿದೆ. ಒಂದು ಎಕರೆ, ಇನ್ನೊಂದು ಕೋಟಿ. ರಾಜಕಾರಣಿಗಳು ಇಷ್ಟು ಲಕ್ಷ ಎಕರೆ ಎಂದು ಹೇಳಿ ಜನರನ್ನು ಹೆದರಿಸುತ್ತಾರೆ. ಸಮುದಾಯದ ನಾಯಕರು ಅದೇ ಸಂಖ್ಯೆಯನ್ನು ಹೇಳಿ ಹೆಮ್ಮೆಪಡುತ್ತಾರೆ. ಇಸ್ಲಾಮೀ ಅರ್ಥವ್ಯವಸ್ಥೆಯ ಕುರಿತು ಬರೆಯುವವರು ಆ ಸಂಖ್ಯೆಯ ಮೇಲೆ ಶೇಕಡಾ 10ರ ಆದಾಯವನ್ನು ಕಲ್ಪಿಸಿ, ಬಡತನ ನಿವಾರಣೆಗೆ ಇಷ್ಟೇ ಸಾಕು ಎಂದು ಲೇಖನ ಮುಗಿಸುತ್ತಾರೆ. ಆದರೆ ಈ ಮೂವರೂ ಕೇಳದೇ ಬಿಟ್ಟ ಪ್ರಶ್ನೆಯೊಂದಿದೆ. ಆ ಜಮೀನಿನ ಫಲವನ್ನು ಉಂಡವರು ಯಾರು?

ಈ ಪ್ರಶ್ನೆಯನ್ನು ದೆಹಲಿಯಲ್ಲೋ ಬೆಂಗಳೂರಿನಲ್ಲೋ ನಿಂತು ಕೇಳುವುದಕ್ಕಿಂತ ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದಿನಲ್ಲಿ ನಿಂತು ಕೇಳುವುದು ಒಳ್ಳೆಯದು. ಏಕೆಂದರೆ ಸಂಖ್ಯೆಗಳ ಭ್ರಮೆ ಕಳಚಿ ಬೀಳುವುದು ಇಂತಹ ಊರುಗಳಲ್ಲಿಯೇ.

ಮೊದಲು ಸಂಖ್ಯೆಯನ್ನೇ ನೋಡೋಣ. 2006ರ ಸಾಚಾರ್ ಸಮಿತಿ ವರದಿಯಲ್ಲಿ ವಕ್ಫಿಗಾಗಿಯೇ ಒಂದು ಅಧ್ಯಾಯವಿದೆ. ನಮ್ಮ ಲೇಖಕರೆಲ್ಲ ಇಂದಿಗೂ ಆಶ್ರಯಿಸುವುದು ಅದನ್ನೇ. ದೇಶದಲ್ಲಿ ನೋಂದಾಯಿತ ವಕ್ಫ್‌ಗಳು ಸುಮಾರು 4.9 ಲಕ್ಷ, ಜಮೀನು ಸುಮಾರು 6 ಲಕ್ಷ ಎಕರೆ, ಪುಸ್ತಕದಲ್ಲಿ ದಾಖಲಾದ ಬೆಲೆ ಸುಮಾರು 6,000 ಕೋಟಿ ರೂಪಾಯಿ, ಮಾರುಕಟ್ಟೆ ಬೆಲೆ ಸುಮಾರು 1.2 ಲಕ್ಷ ಕೋಟಿ, ವಾರ್ಷಿಕ ಆದಾಯ 163 ಕೋಟಿ, ಅಂದರೆ ಶೇಕಡಾ 2.7 ಎಂದು ವರದಿ ಹೇಳಿತು. ಸರಿಯಾಗಿ ನಿರ್ವಹಿಸಿದರೆ ಶೇಕಡಾ 10ರಂತೆ ವರ್ಷಕ್ಕೆ 12,000 ಕೋಟಿ ಬರಬಹುದೆಂದೂ ಹೇಳಿತು. ಈ ಕೊನೆಯ ವಾಕ್ಯ ನಮ್ಮ ಸಭೆಗಳಲ್ಲಿ ಎಷ್ಟು ಸಲ ಪುನರಾವರ್ತನೆಯಾಗಿದೆಯೋ ಲೆಕ್ಕವಿಲ್ಲ.

ವರದಿಯ ಬಗ್ಗೆ ನಮಗೆ ಗೌರವವಿದೆ. ವಕ್ಫ್ ಮಂಡಳಿಗಳಲ್ಲಿ ಮಹಿಳೆಯರಿರಬೇಕು, ಆಡಳಿತಕ್ಕೆ ಪ್ರತ್ಯೇಕ ಅಧಿಕಾರಿ ವರ್ಗ ಬೇಕು, ಅಭಿವೃದ್ಧಿ ನಿಗಮ ಬೇಕು ಎಂದು ಅದು ಮಾಡಿದ ಶಿಫಾರಸುಗಳು ಮೌಲಿಕವಾದವು. ಆದರೆ ಈ ಲೆಕ್ಕದಲ್ಲಿ ಒಂದು ತೊಡಕಿದೆ. ಶೇಕಡಾ 2.7 ಎಂಬುದು ಪುಸ್ತಕದ ಬೆಲೆಯ ಮೇಲಿನ ಆದಾಯ. ಶೇಕಡಾ 10 ಎಂಬುದು ಮಾರುಕಟ್ಟೆ ಬೆಲೆಯ ಮೇಲೆ ಕಲ್ಪಿಸಿದ ಆದಾಯ. ಮಾರುಕಟ್ಟೆ ಬೆಲೆಗೆ ಹೋಲಿಸಿದರೆ 163 ಕೋಟಿ ಎಂಬುದು ಶೇಕಡಾ 0.14 ಮಾತ್ರ. ಅಂದರೆ ಆದಾಯವನ್ನು ನಾಲ್ಕು ಪಟ್ಟು ಮಾಡುವ ಮಾತು ಇದಲ್ಲ, ಎಪ್ಪತ್ತು ಪಟ್ಟಿಗೂ ಮಿಗಿಲಾಗಿ ಮಾಡುವ ಮಾತು. ಯಾವ ಭೂಮಿ ತಾನೇ ಇಂತಹ ಪವಾಡ ಮಾಡೀತು?

ಅದೇ ಅಂಕಿಗಳನ್ನು ಇನ್ನೊಂದು ರೀತಿಯಲ್ಲಿ ಭಾಗಿಸಿ ನೋಡಿ. ಒಂದು ವಕ್ಫಿಗೆ ಸರಾಸರಿ ಒಂದೂಕಾಲು ಎಕರೆಯಷ್ಟೂ ಬರುವುದಿಲ್ಲ. ವರ್ಷದ ಆದಾಯ 3,300 ರೂಪಾಯಿ ಚಿಲ್ಲರೆ. ಅಂದರೆ ನಾವು ಮಾತಾಡುತ್ತಿರುವುದು ದೊಡ್ಡ ಜಮೀನ್ದಾರಿಯ ಬಗ್ಗೆ ಅಲ್ಲ. ಊರೂರಿನ ಮಸೀದಿ, ಖಬರಸ್ತಾನ, ದರ್ಗಾ, ಆಶೂರಖಾನೆ, ಒಂದೆರಡು ಅಂಗಡಿಗಳ ಬಗ್ಗೆ. ಕೇಂದ್ರ ಸರಕಾರದ ವಾಮ್ಸಿ ದಾಖಲೆ ಪ್ರಕಾರ 2025ರ ಹೊತ್ತಿಗೆ 8.72 ಲಕ್ಷ ಸ್ಥಿರಾಸ್ತಿಗಳು ಪಟ್ಟಿಯಾಗಿದ್ದವು. ಅವುಗಳಲ್ಲಿ ಖಬರಸ್ತಾನಗಳೇ ಸುಮಾರು 1.5 ಲಕ್ಷ, ಮಸೀದಿಗಳು ಸುಮಾರು 1.2 ಲಕ್ಷ. ಖಬರಸ್ತಾನದಿಂದ ಶೇಕಡಾ 10ರ ಲಾಭ ತೆಗೆಯುವವರು ಯಾರು? ಅದೇ ದಾಖಲೆ ಜಮೀನಿನ ಒಟ್ಟು ವಿಸ್ತೀರ್ಣವನ್ನು 38 ಲಕ್ಷ ಎಕರೆ ಎಂದಿತು. 6 ಲಕ್ಷವೆಲ್ಲಿ, 38 ಲಕ್ಷವೆಲ್ಲಿ! ಎಕರೆಯ ಲೆಕ್ಕವನ್ನೇ ನೆಚ್ಚಿಕೊಂಡವರಿಗೆ ಕಾಲಡಿಯ ನೆಲವೇ ಗಟ್ಟಿಯಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈಗ ಕಲ್ಯಾಣ ಮತ್ತು ಹುಮನಾಬಾದಿಗೆ ಬರೋಣ. 1956ರವರೆಗೆ ಈ ಸೀಮೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ನಿಜಾಮರ ಕಾಲದಲ್ಲಿ ಮಸೀದಿ, ದರ್ಗಾ, ಆಶೂರಖಾನೆಗಳ ಸೇವೆಗೆಂದು ಇನಾಮು ಭೂಮಿ ಕೊಡುವ ಪದ್ಧತಿಯಿತ್ತು. ಸೇವೆ ಮಾಡುವ ಷರತ್ತಿನ ಮೇಲೆ ಕೊಟ್ಟ ಇಂತಹ ಜಮೀನಿಗೆ ಮಶ್ರೂತುಲ್ ಖಿದ್ಮತ್ ಎಂಬ ಹೆಸರು. ವಕ್ಫ್ ಕಾಯ್ದೆಯ ವ್ಯಾಖ್ಯೆಯಲ್ಲೂ ಈ ಶಬ್ದವಿದೆ. ದೀಪ ಹಚ್ಚುವವನಿಗೆ, ಅಜಾನ್ ಕೊಡುವವನಿಗೆ, ಮೊಹರಮ್ಮಿನಲ್ಲಿ ಅಲಾಯಿ ಕೂರಿಸುವವನಿಗೆ ಭೂಮಿ. ಭೂಮಿಯನ್ನು ಉತ್ತವರು ಮಾತ್ರ ಹೆಚ್ಚಾಗಿ ಬೇರೆಯವರು. ಇನಾಮು ರದ್ದತಿ ಕಾನೂನುಗಳು ಬಂದವು, 1974ರ ಭೂಸುಧಾರಣೆ ಬಂತು, ಉಳುವವನೇ ಒಡೆಯನಾದ. ಈ ಭಾಗದ ವಕ್ಫಿನ ಇತಿಹಾಸದಲ್ಲಿ ಇದು ಬಹಳ ದೊಡ್ಡ ಘಟನೆ. ಆದರೂ ವಕ್ಫ್ ಅಭಿವೃದ್ಧಿಯ ಕುರಿತ ನಮ್ಮ ಲೇಖನಗಳಲ್ಲಿ ಉಳುವವನ ಮುಖ ಕಾಣುವುದೇ ಇಲ್ಲ.

ಕಾಣದೇ ಹೋದರೆ ಏನಾಗುತ್ತದೆ ಎಂಬುದನ್ನು 2024ರ ಅಕ್ಟೋಬರ್, ನವೆಂಬರ್ ತಿಂಗಳುಗಳು ತೋರಿಸಿದವು. ವಿಜಯಪುರ ಜಿಲ್ಲೆಯಲ್ಲಿ ರೈತರಿಗೆ ವಕ್ಫ್ ಸಂಬಂಧದ ನೋಟಿಸುಗಳು ಹೋದವು. ಗದ್ದಲವೆದ್ದಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ನೋಟಿಸುಗಳನ್ನು ವಾಪಸು ಪಡೆಯಲು ಆದೇಶಿಸಿದರು. ಅಷ್ಟರಲ್ಲಿ 'ವಕ್ಫ್' ಎಂದರೆ 'ನಿಮ್ಮ ಹೊಲ ಕಸಿಯುವುದು' ಎಂಬ ಅರ್ಥ ಹಳ್ಳಿ ಹಳ್ಳಿಗೂ ಮುಟ್ಟಿಯಾಗಿತ್ತು. ಕಾನೂನಿನಂತೆ ರೈತನಿಗೆ ಸಿಕ್ಕ ಭೂಮಿಯನ್ನು ಮರಳಿ ಕೇಳುವ ಯಾವ ಅಭಿವೃದ್ಧಿಯೂ ಸುಸ್ಥಿರವಲ್ಲ, ಇಸ್ಲಾಮೀ ನ್ಯಾಯಕ್ಕೂ ಒಪ್ಪುವಂಥದ್ದಲ್ಲ. ಇದನ್ನು ನಾವು ಅಳುಕಿಲ್ಲದೆ ಹೇಳಬೇಕು.

ಹಾಗಾದರೆ ವಕ್ಫ್ ಎಂದರೇನು? ಖೈಬರಿನಲ್ಲಿ ತಮಗೆ ದೊರೆತ ಉತ್ತಮ ಭೂಮಿಯನ್ನು ಏನು ಮಾಡಲೆಂದು ಉಮರ್(ರ) ಕೇಳಿದಾಗ, ಅಸಲನ್ನು ತಡೆದಿಟ್ಟು ಅದರ ಫಲವನ್ನು ದಾನ ಮಾಡುವ ದಾರಿಯನ್ನು ಪ್ರವಾದಿ(ಸ) ತೋರಿಸಿದರು. ಆ ಭೂಮಿಯನ್ನು ಮಾರುವಂತಿಲ್ಲ, ಉಡುಗೊರೆ ಕೊಡುವಂತಿಲ್ಲ, ವಾರಸುದಾರರಿಗೆ ಹಂಚುವಂತಿಲ್ಲ. ಮದೀನಾದಲ್ಲಿ ನೀರು ಮಾರಾಟವಾಗುತ್ತಿದ್ದ ರೂಮಾ ಬಾವಿಯನ್ನು ಉಸ್ಮಾನ್(ರ) ಕೊಂಡು ಜನರಿಗೆ ಬಿಟ್ಟುಕೊಟ್ಟರು. ಇಲ್ಲಿ ಮುಖ್ಯವಾದದ್ದು ಹಿಡಿತವಲ್ಲ, ಹರಿವು. ಅಸಲು ನಿಲ್ಲುವುದೇ ಫಲ ಹರಿಯಲೆಂದು. ಧರ್ಮಶಾಸ್ತ್ರಜ್ಞರು ಇದಕ್ಕೆ ಇನ್ನೊಂದು ನಿಯಮ ಸೇರಿಸಿದರು. ಆದಾಯದಲ್ಲಿ ಮೊದಲ ಪಾಲು ಆಸ್ತಿಯ ದುರಸ್ತಿಗೆ, ಹಂಚಿಕೆ ಆಮೇಲೆ. ಇಂದು ಸುಸ್ಥಿರ ಅಭಿವೃದ್ಧಿ ಎಂಬ ದೊಡ್ಡ ಹೆಸರಿನಲ್ಲಿ ಹೇಳುವ ಮಾತಿನ ತಿರುಳು ಇದೇ ಅಲ್ಲವೇ?

ಈ ತಿರುಳು ಬೀದರಿನ ಮಣ್ಣಿಗೆ ಹೊಸತಲ್ಲ. 1472ರಲ್ಲಿ ಬೀದರಿನ ಮದರಸಾ ಕಟ್ಟಿಸಿದ ಬಹಮನಿ ವಜೀರ ಮಹಮೂದ್ ಗವಾನ್ ಮೂಲತಃ ಇರಾನಿನ ವ್ಯಾಪಾರಿ. ತಾನು ತಂದಿದ್ದ ಬಂಡವಾಳವನ್ನು ವ್ಯಾಪಾರದಲ್ಲಿ ಹಾಗೇ ಉಳಿಸಿ, ಅದರ ಲಾಭದಲ್ಲಿ ತನ್ನ ಊಟದ ಖರ್ಚು ತೆಗೆದು, ಉಳಿದದ್ದನ್ನು ಆತ ಬಡವರಿಗೆ ಕೊಡುತ್ತಿದ್ದ ಎಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. 1481ರಲ್ಲಿ ಸುಳ್ಳು ಆರೋಪದ ಮೇಲೆ ಗವಾನನನ್ನು ಕೊಲ್ಲಿಸಿದ ಸುಲ್ತಾನನಿಗೆ ಅವನ ಖಜಾನೆಯಲ್ಲಿ ನಿಧಿ ಸಿಗಲಿಲ್ಲವಂತೆ. ಸಿಗುವುದಾದರೂ ಹೇಗೆ? ಅದು ಹರಿದು ಹೋಗಿತ್ತು.

ಇನ್ನು ಕಲ್ಯಾಣದ ಮಾತೇ ಬೇರೆ. ಕಾಯಕ ಮತ್ತು ದಾಸೋಹದ ತತ್ವ ಹುಟ್ಟಿದ ಊರದು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಅದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಹೇಳಿ ಕಳಿಸಿದವಳು ಲಕ್ಕಮ್ಮ. ದಾಸೋಹ ಮತ್ತು ವಕ್ಫ್ ಒಂದೇ ಎಂದು ನಾವು ಹೇಳುತ್ತಿಲ್ಲ. ದಾಸೋಹ ದಿನದಿನದ ದುಡಿಮೆಯಿಂದ ಹೊಮ್ಮುವಂಥದ್ದು, ವಕ್ಫ್ ತಲೆಮಾರುಗಳಿಗೆಂದು ನಿಲ್ಲಿಸಿದ ಮೂಲಧನ. ಆದರೆ ಕೂಡಿಟ್ಟ ಸಂಪತ್ತನ್ನು ಎರಡೂ ಅನುಮಾನದಿಂದ ನೋಡುತ್ತವೆ. ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ 19ನೇ ಶತಮಾನದ ಮಾಣಿಕಪ್ರಭುಗಳು ಸಾರಿದ ಸಕಲಮತ ಪಂಥವೂ ಎಲ್ಲ ಧರ್ಮದವರಿಗೆ ಬಾಗಿಲು ತೆರೆದಿಟ್ಟಿತ್ತು. ಇಂತಹ ನೆಲದಲ್ಲಿ ವಕ್ಫಿನ ಫಲ ಮುಸ್ಲಿಮರಿಗೆ ಮಾತ್ರ ಎಂದು ಬೇಲಿ ಹಾಕುವುದು ಸಂಕುಚಿತತೆಯಾದೀತು. ಬಡವ ಯಾವ ಧರ್ಮದವನಾದರೂ ವಕ್ಫಿನ ಫಲ ಅವನಿಗೆ ಸಲ್ಲಬಹುದು ಎಂಬ ಅಭಿಪ್ರಾಯ ನಮ್ಮ ಶಾಸ್ತ್ರಗ್ರಂಥಗಳಲ್ಲಿಯೇ ಇದೆ.

ಇಷ್ಟೆಲ್ಲ ಪರಂಪರೆಯಿದ್ದೂ ವಾಸ್ತವವೇನು? ಹೊರಗಿನವರ ಅತಿಕ್ರಮಣದ ಬಗ್ಗೆ ನಾವು ಜೋರಾಗಿ ಮಾತಾಡುತ್ತೇವೆ. ಒಳಗಿನ ರೋಗದ ಬಗ್ಗೆ ಪಿಸುಗುಟ್ಟುತ್ತೇವೆ. ವಕ್ಫಿನ ಅಂಗಡಿಗೆ ಅಜ್ಜನ ಕಾಲದ ಬಾಡಿಗೆ, ಆ ಅಂಗಡಿಯನ್ನು ಒಳಬಾಡಿಗೆಗೆ ಕೊಟ್ಟವನಿಗೆ ಇಂದಿನ ಬಾಡಿಗೆ, ಮಧ್ಯದ ವ್ಯತ್ಯಾಸ ಪಗಡಿಯ ಹೆಸರಿನಲ್ಲಿ ಯಾರದೋ ಜೇಬಿಗೆ. ಇದು ರಾಜ್ಯದ ಯಾವ ಪೇಟೆಗೂ ಹೊಸ ಕಥೆಯಲ್ಲ. ಮುತವಲ್ಲಿ ಸ್ಥಾನಕ್ಕೆ ಜಗಳವಾಗುತ್ತದೆ, ಲೆಕ್ಕಪತ್ರಕ್ಕಾಗಿ ಜಗಳವಾಗುವುದಿಲ್ಲ. ಮಿನಾರ ಎತ್ತರಿಸಲು ಚಂದಾ ಬರುತ್ತದೆ, ವಿಧವೆಯ ಮಗಳ ಕಾಲೇಜು ಶುಲ್ಕಕ್ಕೆ ಬರುವುದಿಲ್ಲ. ಕರ್ನಾಟಕದ ವಕ್ಫ್ ಜಮೀನಿನ ಅರ್ಧದಷ್ಟು ಕೈತಪ್ಪಿದೆ ಎಂದು 2012ರಲ್ಲಿ ರಾಜ್ಯ ಅಲ್ಪಸಂಖ್ಯಾತರ ಆಯೋಗದ ಅಧ್ಯಕ್ಷರಾಗಿದ್ದ ಅನ್ವರ್ ಮಾಣಿಪ್ಪಾಡಿಯವರ ವರದಿ ಆರೋಪಿಸಿದಾಗ, ಆ ವರದಿಯ ರಾಜಕೀಯದ ಬಗ್ಗೆ ನಡೆದಷ್ಟು ಚರ್ಚೆ ಅದರ ವಿಷಯದ ಬಗ್ಗೆ ನಮ್ಮೊಳಗೆ ನಡೆಯಿತೇ?

ಕಾನೂನೂ ಫಲಕ್ಕೆ ಅನುಕೂಲವಾಗಿಲ್ಲ. 2013ರ ತಿದ್ದುಪಡಿ ವ್ಯಾಪಾರ, ಶಿಕ್ಷಣ, ಆರೋಗ್ಯದ ಉದ್ದೇಶಕ್ಕೆ 30 ವರ್ಷದವರೆಗೆ ಗುತ್ತಿಗೆ ಕೊಡಬಹುದೆಂದಿತು. ಕೃಷಿ ಭೂಮಿಗೆ ಮಾತ್ರ ಮೂರೇ ವರ್ಷ. ಮೂರು ವರ್ಷದ ಗುತ್ತಿಗೆಯವನು ಒಡ್ಡು ಹಾಕಿಸುವನೇ, ಮಾವಿನ ಸಸಿ ನೆಡುವನೇ? ತೊಗರಿ, ಸೋಯಾ ಬೆಳೆದು ಮಣ್ಣಿನ ಸಾರ ಹೀರಿ ಹೋಗುವನು. ಅದು ಅವನ ತಪ್ಪಲ್ಲ. 2025ರ ಏಪ್ರಿಲಿನಲ್ಲಿ ಜಾರಿಯಾದ ತಿದ್ದುಪಡಿ ಕಾಯ್ದೆ ಇನ್ನೂ ಕಠಿಣ ಪರಿಸ್ಥಿತಿ ತಂದಿತು. ದೀರ್ಘಕಾಲದ ಬಳಕೆಯಿಂದಲೇ ವಕ್ಫ್ ಎಂದು ಮಾನ್ಯವಾಗುವ ದಾರಿಯನ್ನು ಮುಂದಿನ ಕಾಲಕ್ಕೆ ಮುಚ್ಚಿತು. ಕಾಲಮಿತಿ ಕಾಯ್ದೆಯನ್ನು ವಕ್ಫ್ ಆಸ್ತಿಗೂ ಅನ್ವಯಿಸಿತು. ಅಂದರೆ ಅತಿಕ್ರಮಣವನ್ನು 12 ವರ್ಷ ನೋಡಿಯೂ ಸುಮ್ಮನಿದ್ದರೆ ಹಕ್ಕೇ ಹೋಗಬಹುದು. ಅದೇ ವರ್ಷದ ಸೆಪ್ಟೆಂಬರ್ 15ರಂದು ಸುಪ್ರೀಂ ಕೋರ್ಟ್ ಕಾಯ್ದೆಯ ಕೆಲವು ಅಂಶಗಳಿಗೆ ತಡೆ ನೀಡಿತು, ಈ ಎರಡಕ್ಕೆ ನೀಡಲಿಲ್ಲ. ಆಸ್ತಿಗಳನ್ನು ಉಮೀದ್ ಪೋರ್ಟಲಿನಲ್ಲಿ ದಾಖಲಿಸಲು ಕೊಟ್ಟ ಆರು ತಿಂಗಳು ಡಿಸೆಂಬರಿನಲ್ಲಿ ಮುಗಿಯಿತು. ಈ ಕಾಯ್ದೆಯನ್ನು ವಿರೋಧಿಸಲು ನ್ಯಾಯವಾದ ಕಾರಣಗಳಿವೆ. ಆದರೆ ಪಹಣಿ, ನಕಾಶೆ, ಬಾಡಿಗೆ ಪುಸ್ತಕ ಯಾವುದನ್ನೂ ಇಟ್ಟುಕೊಳ್ಳದ ಸಮಿತಿಗೆ ಕೋರ್ಟಿನಲ್ಲೂ ಬಲವಿಲ್ಲ, ಬೀದಿಯಲ್ಲೂ ಬಲವಿಲ್ಲ.

ದಾರಿಯೇ ಇಲ್ಲವೆಂದಲ್ಲ. ಸಿಂಗಾಪುರದ ಬೆಂಕೂಲೆನ್ ಬೀದಿಯಲ್ಲಿ ಹಳೆಯ ಮಸೀದಿಯ ವಕ್ಫ್ ಜಾಗವನ್ನು ಬಡ್ಡಿಯಿಲ್ಲದ ಪಾಲುದಾರಿಕೆ ಪತ್ರಗಳ ಹಣದಿಂದ ಮರುನಿರ್ಮಿಸಿ, ಮಸೀದಿಯ ಜೊತೆಗೆ ಬಾಡಿಗೆ ಮನೆಗಳನ್ನೂ ಕಟ್ಟಿದರು. ಆದರೆ ಸಿಂಗಾಪುರದ ಬೀದಿಯ ಬಾಡಿಗೆ ಹುಮನಾಬಾದಿನಲ್ಲಿ ಹುಟ್ಟದು. ನಮಗೆ ಹತ್ತಿರದ ಪಾಠ ಕಲಬುರಗಿಯದು. ಬಂದೇನವಾಜರ ದರ್ಗಾದ ಸಜ್ಜಾದೆಯವರ ನೇತೃತ್ವದ ಶಿಕ್ಷಣ ಸಂಸ್ಥೆ 1980ರಲ್ಲಿ ಇಂಜಿನಿಯರಿಂಗ್ ಕಾಲೇಜು, 2000ದಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು. 2018ರಲ್ಲಿ ವಿಶ್ವವಿದ್ಯಾಲಯವೇ ಆಯಿತು. ಇದನ್ನು ವಕ್ಫಿನ ಆದಾಯದ ಲೆಕ್ಕಕ್ಕೆ ಸೇರಿಸಲಾಗದು. ಆದರೂ ದರ್ಗಾದ ಸುತ್ತ ಸೇರಿದ ಜನವಿಶ್ವಾಸವನ್ನು ಉರೂಸಿನ ಆಚೆಗೂ ಒಯ್ಯಬಹುದು ಎಂಬುದನ್ನು ಇದು ತೋರಿಸಿತು.

ಬಸವಕಲ್ಯಾಣದಲ್ಲಿ ರಾಜಾ ಬಾಗ್‌ಸವಾರರ ದರ್ಗಾವಿದೆ, ಹೆದ್ದಾರಿಯ ಕಡೆಗೆ ಲಾರಿ ಕಟ್ಟುವ, ದುರಸ್ತಿ ಮಾಡುವ ಕೈಗಳಿವೆ. ಹುಮನಾಬಾದ್ ಪುಣೆ-ಹೈದರಾಬಾದ್ ರಸ್ತೆಗೆ ಬೀದರ್-ಕಲಬುರಗಿ ರಸ್ತೆ ಸೇರುವ ಕೂಡುದಾರಿ. 2017ರಿಂದ ಬೀದರ್-ಕಲಬುರಗಿ ರೈಲೂ ಈ ಊರಿನ ಮೇಲೆ ಹಾಯುತ್ತದೆ. ಇಂತಹ ಊರಿನಲ್ಲಿ ರಸ್ತೆ ಬದಿಯ ನಾಲ್ಕು ಅಂಗಡಿಗೆ ಇಂದಿನ ಬಾಡಿಗೆ ಬಂದರೆ ಎಷ್ಟು ಕೆಲಸವಾದೀತು! ಒಂದು ಪಾಲು ದುರಸ್ತಿಗೆ, ಒಂದು ಪಾಲು ಹಳ್ಳಿಯಿಂದ ಬರುವ ಹೆಣ್ಣುಮಕ್ಕಳ ಹಾಸ್ಟೆಲಿಗೆ, ಒಂದು ಪಾಲು ವೆಲ್ಡಿಂಗ್ ಕಲಿಯುವ ಹುಡುಗನ ಸಲಕರಣೆಗೆ ಬಡ್ಡಿಯಿಲ್ಲದ ಸಾಲವಾಗಿ. ಜಮೀನಿಲ್ಲದವರೂ ವಕ್ಫ್ ಮಾಡಬಹುದು. ನಗದು ವಕ್ಫ್ ಉಸ್ಮಾನಿ ತುರ್ಕಿಯಲ್ಲಿ ಶತಮಾನಗಳ ಕಾಲ ನಡೆದ ವ್ಯವಸ್ಥೆ. ನೂರು ಮನೆಯವರು ಸೇರಿ ಒಂದು ಅಸಲು ಕೂಡಿಸಿದರೆ ಅದೂ ವಕ್ಫೇ.

ಇದರಿಂದ ಈ ಭಾಗದ ಬಡತನ ನೀಗುತ್ತದೆ ಎಂದು ನಾವು ಹೇಳುವುದಿಲ್ಲ. ಶಾಲೆ, ಆಸ್ಪತ್ರೆ, ನೀರು ಒದಗಿಸುವುದು ಸರಕಾರದ ಕರ್ತವ್ಯ. 371ಜೆ ವಿಧಿ ಕಲ್ಯಾಣ ಕರ್ನಾಟಕಕ್ಕೆ ಬಂದದ್ದೇ ಆ ಕರ್ತವ್ಯವನ್ನು ನೆನಪಿಸಲು. 'ನಿಮಗೆ ವಕ್ಫ್ ಇದೆಯಲ್ಲ' ಎಂದು ಆಳುವವರು ಜಾರಿಕೊಳ್ಳುವುದಕ್ಕೆ ನಮ್ಮ ಉತ್ಪ್ರೇಕ್ಷೆಯ ಲೇಖನಗಳೇ ನೆಪವಾಗಬಾರದು. ವಕ್ಫ್ ಮಾಡಬಹುದಾದದ್ದು ಚಿಕ್ಕದು, ಆದರೆ ನಿಲ್ಲುವಂಥದ್ದು.

ಅದಕ್ಕೆ ಬೇಕಾದ ಮೊದಲ ಹೆಜ್ಜೆಗೆ ಕೋಟಿಯೂ ಬೇಡ, ಎಕರೆಯೂ ಬೇಡ. ಪ್ರತಿಯೊಂದು ವಕ್ಫಿನ ಸಮಿತಿ ವರ್ಷಕ್ಕೊಮ್ಮೆ ಒಂದು ಹಾಳೆಯಲ್ಲಿ, ಕನ್ನಡದಲ್ಲೂ ಉರ್ದುವಿನಲ್ಲೂ ನಾಲ್ಕು ಸಾಲು ಬರೆದು ಮಸೀದಿಯ ಹೊರಗೋಡೆಗೆ ಅಂಟಿಸಲಿ. ಬಂದ ಬಾಡಿಗೆ ಎಷ್ಟು, ಬರಬೇಕಾದದ್ದು ಎಷ್ಟು, ದುರಸ್ತಿಗೆ ಹೋದದ್ದು ಎಷ್ಟು, ಯಾವ ಯಾವ ಕೆಲಸಕ್ಕೆ ಎಷ್ಟೆಷ್ಟು ಹೋಯಿತು. ದಾರಿಯಲ್ಲಿ ಹೋಗುವ ಹಿಂದೂ ನೆರೆಯವನೂ ಅದನ್ನು ಓದಲಿ. ವಕ್ಫ್ ಎಂದರೆ ಹೊಲ ಕಸಿಯುವುದಲ್ಲ ಎಂದು ನೂರು ಭಾಷಣ ಹೇಳಲಾರದ್ದನ್ನು ಆ ಹಾಳೆ ಹೇಳೀತು. ಈ ಊರುಗಳ ಯಾವ ಸಮಿತಿ ಮೊದಲು ಆ ಹಾಳೆಯನ್ನು ಅಂಟಿಸುತ್ತದೆ?