‘ತಾವೇ ಕಲಿತರು’ ಎಂಬ ಮಾತಿನೊಳಗೆ ಮನೆಯ ಪಾಲು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಚಿತ್ರಕಾರರೊಬ್ಬರ ಪರಿಚಯ ಲೇಖನ ಬಂದರೆ ಅದರಲ್ಲಿ ಸಾಮಾನ್ಯವಾಗಿ ಎರಡು ಮಾತು ಇರುತ್ತವೆ. ಒಂದು, ಯಾವ ಗುರುವೂ ಇಲ್ಲದೆ ತಾವೇ ಕಲಿತರು. ಇನ್ನೊಂದು, ಮನೆಯವರ ಪ್ರೋತ್ಸಾಹವಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಒಂದು ತೊಡಕು ಕಾಣುತ್ತದೆ. ಮನೆ ಅಷ್ಟೆಲ್ಲ ಕೊಟ್ಟಿದ್ದರೆ ‘ತಾವೇ’ ಎಂಬ ಮಾತಿಗೆ ಅರ್ಥವೇನು?

ಕನ್ನಡ ನಾಡಿನಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಆರ್.ಕೆ. ಲಕ್ಷ್ಮಣ್. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರನ್ನು ಮುಂಬೈಯ ಜೆ.ಜೆ. ಕಲಾಶಾಲೆ ಸೇರಿಸಿಕೊಳ್ಳಲಿಲ್ಲ. ಹಾಗೆಂದು ಅವರು ಬರಿಗೈಯಲ್ಲಿ ಕಲಿತವರಲ್ಲ. ತಂದೆ ಹೆಡ್‌ಮಾಸ್ಟರ್. ಓದಲು ಬರುವ ಮೊದಲೇ ಹುಡುಗ ‘ಪಂಚ್’, ‘ಸ್ಟ್ರಾಂಡ್’ ಪತ್ರಿಕೆಗಳ ಚಿತ್ರಗಳನ್ನು ಮನೆಯಲ್ಲೇ ನೋಡಿದ. ನೆಲ, ಗೋಡೆ, ಬಾಗಿಲುಗಳ ಮೇಲೆ ಗೀಚಿದ. ಕಾಲೇಜಿನ ದಿನಗಳಲ್ಲಿ ಅಣ್ಣ ಆರ್.ಕೆ. ನಾರಾಯಣ್ ಅವರ ಕತೆಗಳಿಗೆ ‘ದಿ ಹಿಂದೂ’ವಿನಲ್ಲಿ ಚಿತ್ರ ಬರೆದ. ರಾಶಿಯವರ ‘ಕೊರವಂಜಿ’ಯೂ ಅವನ ಗೆರೆಗೆ ಜಾಗ ಕೊಟ್ಟಿತು. ಆ ಮನೆ ಮಾಡಿದ್ದು ಬೆನ್ನು ತಟ್ಟುವ ಕೆಲಸವನ್ನಷ್ಟೇ ಅಲ್ಲ. ನೋಡಲು ಒಳ್ಳೆಯ ಚಿತ್ರ, ಗೀಚಲು ಗೋಡೆ, ಬರೆಯಲು ಕೆಲಸ ಮೂರನ್ನೂ ಒದಗಿಸಿತು. ಪ್ರೋತ್ಸಾಹವೆಂದರೆ ಇದು.

ಆದರೆ ಎಲ್ಲ ಮನೆಗಳಿಗೂ ‘ಪಂಚ್’ ಬರುವುದಿಲ್ಲ. ಹಾಗಾದರೆ ಬಡವರ ಮನೆ ಏನನ್ನೂ ಕಲಿಸುವುದಿಲ್ಲವೆ? ಚನ್ನಗಿರಿ, ಹೊನ್ನಾಳಿಗಳು 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಅದೇ ಜಿಲ್ಲೆಯ ಸಾಗರ, ಸೊರಬದ ದೀವರ ಮನೆಗಳಲ್ಲಿ ಹೆಂಗಸರು ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಯ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಅವ್ವನ ಪಕ್ಕ ಕೂತು ಮಗಳು ಕಲಿಯುತ್ತಾಳೆ. ಗೆರೆ ಓರೆಯಾದರೆ ತಿದ್ದುವವರಿದ್ದಾರೆ. ಅದು ಶಾಲೆಯೇ. ಆದರೂ ಅಲ್ಲಿ ಕಲಿತವಳನ್ನು ‘ಸ್ವಯಂಕಲಿತ ಕಲಾವಿದೆ’ ಎಂದು ಯಾರೂ ಕರೆಯುವುದಿಲ್ಲ. ಅದು ಮದುವೆ ಮನೆಯ ಕೆಲಸವೆನಿಸಿಕೊಳ್ಳುತ್ತದೆ. ಗಂಡಸಿನ ಕಲಿಕೆಗೆ ಗುರುವಿಲ್ಲವೆಂದು ಹೊಗಳುವ ನಾವು, ಹೆಂಗಸಿನ ಗುರುತ್ವವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಚಿತ್ರಕಾರರ ಮನೆಯಂಗಳದಲ್ಲಿ ದಿನವೂ ಚುಕ್ಕಿ ಎಣಿಸಿ ರಂಗೋಲಿ ಹಾಕಿದ ತಾಯಿ ಪರಿಚಯ ಲೇಖನದಲ್ಲಿ ‘ಪ್ರೋತ್ಸಾಹ ನೀಡಿದವರು’ ಮಾತ್ರ.

ಬೀದಿಯೂ ಕಲಿಸಿದೆ. ದಾವಣಗೆರೆಯಲ್ಲಿ ಚಿತ್ರಕಲಾ ಶಾಲೆ ಆರಂಭವಾದದ್ದು 1964ರಲ್ಲಿ. ಕೆ.ಬಿ.ಆರ್. ಡ್ರಾಮಾ ಕಂಪನಿಯಂಥ ನಾಟಕ ಕಂಪನಿಗಳ ಊರದು. ಅರಮನೆ, ಕಾಡು, ಬೀದಿಯ ಪರದೆಗಳನ್ನು ನೋಡಿ ದೂರ ಹತ್ತಿರಗಳ ಲೆಕ್ಕ ಕಲಿತ ಕಣ್ಣುಗಳೆಷ್ಟೋ. ಅಂಗಡಿ ಬೋರ್ಡು ಬರೆಯುವವರ ಹಿಂದೆ ಬಣ್ಣದ ಡಬ್ಬಿ ಹಿಡಿದು ನಿಂತವರೆಷ್ಟೋ. ಫ್ಲೆಕ್ಸ್ ಬಂದು ಆ ದುಡಿಮೆಯನ್ನು ಕಿತ್ತುಕೊಂಡಿತು, ಜೊತೆಗೆ ಸಂಬಳ ಕೊಟ್ಟು ಕಲಿಸುತ್ತಿದ್ದ ಒಂದು ಶಾಲೆಯನ್ನೂ ಮುಚ್ಚಿತು.

ಪರಿಚಯ ಲೇಖನಗಳ ದೊಡ್ಡ ಕೊರತೆ ಇರುವುದು ಇಲ್ಲೇ. ಅವು ಕಷ್ಟದ ಕತೆ ಹೇಳಿ, ಸನ್ಮಾನಗಳ ಪಟ್ಟಿ ಕೊಟ್ಟು ಮುಗಿಯುತ್ತವೆ. ಚಿತ್ರವನ್ನು ನೋಡುವುದೇ ಇಲ್ಲ. ಗೆರೆ ಎಲ್ಲಿ ಗಟ್ಟಿ, ಬಣ್ಣ ಎಲ್ಲಿ ಸೋತಿದೆ ಎಂದು ಯಾರೂ ಹೇಳದಿದ್ದರೆ ತಾನೇ ಕಲಿತವನು ಕಲಿತಲ್ಲೇ ನಿಲ್ಲುತ್ತಾನೆ. ಕ್ಯಾಲೆಂಡರಿನ ಹಿಮದ ಬೆಟ್ಟವನ್ನು ಚೆನ್ನಾಗಿ ನಕಲು ಮಾಡಿದ ಕೈಗೆ, ಸೂಳೆಕೆರೆಯ ಸಂಜೆಯ ನೀರು, ಅಂಗಳದಲ್ಲಿ ಒಣಗುವ ಅಡಿಕೆಯ ಕೆಂಪು, ಹೊನ್ನಾಳಿಯ ತುಂಗಭದ್ರೆ, ಜಗಳೂರಿನ ಬೇಸಿಗೆಯ ಬೋಳು ಬೆಳಕು ಕಾಯುತ್ತಿವೆ ಎಂದು ಹೇಳುವವರು ಬೇಕು.

ಮನೆಯವರು ‘ಚೆನ್ನಾಗಿದೆ’ ಎನ್ನಬೇಕು. ಇಲ್ಲದಿದ್ದರೆ ಹುಡುಗ ಕುಂಚ ಕೆಳಗಿಡುತ್ತಾನೆ. ಆ ಮಾತು ಮನೆಯ ಧರ್ಮ. ವಿಮರ್ಶೆಯೂ ಅದನ್ನೇ ಹೇಳಿ ಸುಮ್ಮನಾದರೆ ಕಲಾವಿದನಿಗೆ ಗುರುವಿಲ್ಲದ ಕೊರತೆ ಹಾಗೆಯೇ ಉಳಿಯುತ್ತದೆ.