ಗಾರೆಯಿಲ್ಲದ ಗೋಡೆ
ಯಾರ್ಕ್‌ಷೈರಿನ ಸ್ವೇಲ್‌ಡೇಲ್ ಕಣಿವೆಯ ಮ್ಯೂಕರ್ ಹಳ್ಳಿಯಲ್ಲಿ ಹುಲ್ಲುಗಾವಲುಗಳ ನಡುವೆಲ್ಲ ಕಲ್ಲುಗೋಡೆ. ಗಾರೆಯಿಲ್ಲ, ಸಿಮೆಂಟಂತೂ ಇಲ್ಲವೇ ಇಲ್ಲ.

ದೂರದಿಂದ ಒಂದೇ ಗೋಡೆ, ಹತ್ತಿರ ಹೋದರೆ ಎರಡು. ಮೇಲೇರುತ್ತ ಒಂದರತ್ತ ಒಂದು ವಾಲುತ್ತವೆ, ನಡುವೆ ಚೂರುಗಲ್ಲು. ಸುಮ್ಮನೆ ಸುರಿದದ್ದಲ್ಲ, ಒಂದೊಂದನ್ನೂ ಕೈಯಾರೆ ಕೂರಿಸಿದ್ದು. ಅದು ಸಡಿಲಾದರೆ ಗೋಡೆ ಹೊಟ್ಟೆ ಬಿಡುತ್ತದೆ. ಪ್ರತಿ ಕಲ್ಲಿನ ಉದ್ದ ಒಳಕ್ಕೆ, ಮೋಟು ತುದಿ ನಮ್ಮ ಕಡೆಗೆ. ಅಂದಕ್ಕೆಂದು ಉದ್ದ ಬದಿಯನ್ನು ಹೊರಗಿಟ್ಟವನು ಹೊಸಬನೆಂದೇ ಲೆಕ್ಕ! ನಡುಮಟ್ಟದಲ್ಲಿ ಎರಡೂ ಮುಖಗಳನ್ನು ಬಿಗಿಹಿಡಿಯುವ ಅಡ್ಡಗಲ್ಲು. ನೆತ್ತಿಯಲ್ಲಿ ಕಪಾಟಿನ ಪುಸ್ತಕಗಳಂತೆ ಒತ್ತೊತ್ತಾಗಿ ನಿಲ್ಲಿಸಿದ ಕಲ್ಲುಗಳು. ಗಾರೆಯಿಲ್ಲದ್ದರಿಂದಲೇ ಮಳೆನೀರು ಒಳಗೆ ನಿಲ್ಲದೆ ಸೋರಿಹೋಗುತ್ತದೆ, ನೆಲ ಹೆಪ್ಪುಗಟ್ಟಿ ಉಬ್ಬಿದರೂ ಗೋಡೆ ಕೊಂಚ ಮಿಸುಕಿ ಮತ್ತೆ ಕೂರುತ್ತದೆ.

ಗುಡ್ಡದ ಮೇಲಿನ ನೇರ ಗೋಡೆಗಳಲ್ಲಿ ಬಹುಪಾಲು 18, 19ನೇ ಶತಮಾನದವು. ಊರೊಟ್ಟಿನ ಗೋಮಾಳವನ್ನು ಕಾನೂನು ಮಾಡಿ ಹಂಚಿಕೊಂಡಾಗ ಎದ್ದವು. ಬಡವರ ಹಸುವಿನ ಮೇವು ತಪ್ಪಿಸಿದ ಗೋಡೆಯನ್ನು ಹೊಗಳಲು ಮುಜುಗರವೇ. ಆದರೆ ಕಟ್ಟಿದ ಕೈಗಳದೇನು ತಪ್ಪು?

ಬುಡದಲ್ಲಿ ಅಲ್ಲಲ್ಲಿ ಕುರಿ ನುಸುಳುವಷ್ಟು ಕಿಂಡಿ ಬಿಟ್ಟಿರುತ್ತಾರೆ, ಮೊಲಕ್ಕೆ ಇನ್ನೂ ಚಿಕ್ಕದು. ಕುರಿ ದಾಟಿದ ಮೇಲೆ ಒಂದು ಚಪ್ಪಡಿ ಒರಗಿಸಿದರಾಯಿತು, ಬಾಗಿಲು ಹಾಕಿದ ಹಾಗೆ.