ಸಾಯುವವರಿಗೂ ಕಥೆ ಗೊತ್ತಿದ್ದಾಗ

‘ಫ್ರೈಡೇ ದ ಥರ್ಟೀನ್ತ್’ ಚಿತ್ರದ ಕೊಲೆಗಾರ ಯಾರು ಎಂದು ಫೋನಿನ ಆಚೆಯ ದನಿ ಕೇಳುತ್ತದೆ. ಆ ಚಿತ್ರವನ್ನು ಎಷ್ಟೋ ಸಲ ನೋಡಿರುವ ಕೇಸಿ ಥಟ್ಟನೆ ಜೇಸನ್ ಎನ್ನುತ್ತಾಳೆ. ಉತ್ತರ ತಪ್ಪು. 1980ರ ಮೊದಲ ಚಿತ್ರದಲ್ಲಿ ಕೊಲ್ಲುವವಳು ಜೇಸನ್‌ನ ತಾಯಿ. ಮಗನ ಸರದಿ ಬರುವುದು ಎರಡನೆಯ ಭಾಗದಲ್ಲಿ. ಈ ತಪ್ಪಿಗೆ ಹೊರಗೆ ಕಟ್ಟಿಹಾಕಿದ್ದ ಅವಳ ಗೆಳೆಯನ ಪ್ರಾಣ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಅವಳದೂ. 1996ರ ಡಿಸೆಂಬರ್‌ನಲ್ಲಿ ತೆರೆಕಂಡ ‘ಸ್ಕ್ರೀಮ್’ ಆರಂಭವಾಗುವುದು ಹೀಗೆ. ಪ್ರಚಾರದಲ್ಲಿ ಎದ್ದು ಕಾಣುತ್ತಿದ್ದ ತಾರೆ ಡ್ರೂ ಬ್ಯಾರಿಮೋರ್ ಪಾತ್ರ ಕಾಲು ಗಂಟೆಯೊಳಗೇ ಮುಗಿದುಹೋಗುತ್ತದೆ.

ಸ್ಲ್ಯಾಶರ್ ಚಿತ್ರಗಳ ಅಚ್ಚನ್ನು ಗಟ್ಟಿಗೊಳಿಸಿದ್ದು ಜಾನ್ ಕಾರ್ಪೆಂಟರ್ ಅವರ ‘ಹ್ಯಾಲೋವೀನ್’ (1978). ಮುಖವಾಡದ ಕೊಲೆಗಾರ, ಕೈಯಲ್ಲಿ ಚಾಕು, ಒಬ್ಬೊಬ್ಬರಾಗಿ ಬಲಿಯಾಗುವ ಹದಿಹರೆಯದವರು, ಕೊನೆಗೆ ಉಳಿದು ಎದುರಿಸುವ ಒಬ್ಬಳೇ ಹುಡುಗಿ. ಸುಮಾರು ಮೂರು ಲಕ್ಷ ಡಾಲರ್‌ನಲ್ಲಿ ತಯಾರಾದ ಈ ಚಿತ್ರ ಕೋಟಿಗಟ್ಟಲೆ ಗಳಿಸಿದ ಮೇಲೆ ಅದೇ ಅಚ್ಚಿನ ಚಿತ್ರಗಳು ಸಾಲುಗಟ್ಟಿದವು. ಕೊನೆಗೆ ಉಳಿಯುವ ಆ ಹುಡುಗಿಗೆ ವಿಮರ್ಶಕಿ ಕ್ಯಾರಲ್ ಕ್ಲೋವರ್ 1987ರಲ್ಲಿ ‘ಫೈನಲ್ ಗರ್ಲ್’ ಎಂಬ ಹೆಸರು ಕೊಟ್ಟರು. ಅದಕ್ಕೂ ಮುಂಚೆಯೇ ಯಾರು ಮೊದಲು ಸಾಯುತ್ತಾರೆ, ಯಾರು ಉಳಿಯುತ್ತಾರೆ ಎಂಬುದು ಪ್ರೇಕ್ಷಕರಿಗೆ ಬಾಯಿಪಾಠವಾಗಿತ್ತು. ಬಾಯಿಪಾಠವಾದ ಭಯಕ್ಕೆ ಯಾರು ಹೆದರುತ್ತಾರೆ?

ತನ್ನನ್ನು ತಾನೇ ನೋಡಿ ನಗುವ ಸ್ಲ್ಯಾಶರ್ ಹುಟ್ಟಿದ್ದು ಈ ಬಿಕ್ಕಟ್ಟಿನಲ್ಲಿ. 1981ರ ‘ಸ್ಟೂಡೆಂಟ್ ಬಾಡೀಸ್’ ಹೆಣಗಳ ಲೆಕ್ಕವನ್ನು ತೆರೆಯ ಮೇಲೇ ಬರೆದು ತೋರಿಸಿತು. 1994ರ ‘ನ್ಯೂ ನೈಟ್‌ಮೇರ್’ನಲ್ಲಿ ನಿರ್ದೇಶಕ ವೆಸ್ ಕ್ರೇವನ್ ಮತ್ತು ಅವರ ಹಳೆಯ ಕಲಾವಿದರು ತಾವು ತಾವಾಗಿಯೇ ನಟಿಸಿದರು. ಎರಡು ವರ್ಷದ ನಂತರ ಕೆವಿನ್ ವಿಲಿಯಮ್‌ಸನ್ ಬರೆದ ಚಿತ್ರಕಥೆ ಅದೇ ಕ್ರೇವನ್ ಕೈಗೆ ಬಂತು. ಅದೇ ‘ಸ್ಕ್ರೀಮ್’. ಅದರ ಗಳಿಕೆ ಜಗತ್ತಿನಾದ್ಯಂತ 17 ಕೋಟಿ ಡಾಲರ್ ದಾಟಿತು.

ಈ ಪರಂಪರೆಯ ನಿಜವಾದ ಕಸುಬು ಎಲ್ಲಿದೆ ಎಂದು ತಿಳಿಯಲು ‘ಸ್ಕ್ರೀಮ್’ನ ಪಾರ್ಟಿಯ ದೃಶ್ಯವನ್ನು ನಿಧಾನವಾಗಿ ನೋಡಬೇಕು. ಸಿನಿಮಾ ಹುಚ್ಚಿನ ರ‍್ಯಾಂಡಿ ಒಬ್ಬನೇ ಕೂತು ಟಿ.ವಿ.ಯಲ್ಲಿ ‘ಹ್ಯಾಲೋವೀನ್’ ನೋಡುತ್ತಿದ್ದಾನೆ. ಹಿಂದೆ ತಿರುಗಿ ನೋಡು ಎಂದು ನಾಯಕಿಗೆ ಕೂಗುತ್ತಾನೆ. ಅವನ ಬೆನ್ನ ಹಿಂದೆಯೇ ಕೊಲೆಗಾರ ನಿಂತಿದ್ದಾನೆ. ಮನೆಯೊಳಗೆ ಅಡಗಿಸಿಟ್ಟ ಕ್ಯಾಮೆರಾದಿಂದ ಇದನ್ನು ಹೊರಗಿನ ವ್ಯಾನಿನಲ್ಲಿ ನೋಡುತ್ತಿರುವ ಟಿ.ವಿ. ಕ್ಯಾಮೆರಾಮನ್ ಕೂಡ ರ‍್ಯಾಂಡಿಗೆ ಹಿಂದೆ ನೋಡು ಎನ್ನುತ್ತಾನೆ. ಆದರೆ ಆ ದೃಶ್ಯ 30 ಸೆಕೆಂಡ್ ತಡವಾಗಿ ಬರುತ್ತದೆಂಬುದು ಅವನಿಗೆ ನೆನಪಾಗುವ ಹೊತ್ತಿಗೆ ಕೊಲೆಗಾರ ವ್ಯಾನಿನ ಬಾಗಿಲಿಗೇ ಬಂದಿರುತ್ತಾನೆ. ನೋಡುವವರನ್ನು ನೋಡುವವರು, ಅವರನ್ನು ನೋಡುವ ನಾವು. ಎಲ್ಲರೂ ಎಚ್ಚರಿಸುತ್ತಾರೆ, ಎಚ್ಚರಿಕೆ ಯಾರಿಗೂ ತಲುಪುವುದಿಲ್ಲ. ನಗು ತುಟಿಯ ಮೇಲಿರುವಾಗಲೇ ಎದೆ ಧಸಕ್ಕೆನ್ನುತ್ತದೆ. ಇಲ್ಲಿ ಹಾಸ್ಯವೇ ಭಯಕ್ಕೆ ದಾರಿ ಮಾಡಿಕೊಡುತ್ತದೆ.

ಅದೇ ರಾತ್ರಿ ರ‍್ಯಾಂಡಿ ಬದುಕುಳಿಯುವ ನಿಯಮಗಳನ್ನು ಒಪ್ಪಿಸುತ್ತಾನೆ. ಅವುಗಳಲ್ಲಿ ಮೊದಲನೆಯದು ಕನ್ಯತ್ವ. ಆ ಹೊತ್ತಿಗೇ ಮಹಡಿಯಲ್ಲಿ ನಾಯಕಿ ಸಿಡ್ನಿ ಆ ನಿಯಮವನ್ನು ಮುರಿಯುತ್ತಾಳೆ, ಆದರೂ ಬದುಕುತ್ತಾಳೆ. ಹೆಣ್ಣಿನ ನಡತೆಗೂ ಅವಳ ಸಾವಿಗೂ ಗಂಟುಹಾಕಿದ್ದ ಒಂದು ಕೆಟ್ಟ ರೂಢಿಯನ್ನು ಚಿತ್ರ ಭಾಷಣವಿಲ್ಲದೆ ಕಿತ್ತುಹಾಕಿತು. ಇದು ಸಣ್ಣ ಸಾಧನೆಯಲ್ಲ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕೇಸಿ ಸಾಯುವ ಹೊತ್ತಿಗೆ ಅವಳ ತಂದೆತಾಯಿ ಮನೆಗೆ ಬರುತ್ತಾರೆ. ತಾಯಿ ಫೋನ್ ಎತ್ತಿದರೆ ಆಚೆ ಕಡೆ ಮಗಳ ಉಸಿರಾಟ ಕೇಳುತ್ತದೆ. ಅಲ್ಲಿ ಯಾವ ಜಾಣತನವೂ ಇಲ್ಲ, ಕೇಳಿಸುವುದು ಒಬ್ಬ ತಾಯಿಯ ಸಂಕಟ ಮಾತ್ರ. ಸತ್ತವರಿಗೆ ತೂಕ ಇರುವುದರಿಂದಲೇ ಬದುಕಿರುವವರ ಕುಚೋದ್ಯಕ್ಕೂ ಅರ್ಥ ಬರುತ್ತದೆ.

ಮುಂದೆ ಬಂದವರಲ್ಲಿ ಅನೇಕರು ಈ ಗುಟ್ಟನ್ನು ಬಿಟ್ಟು ಜಾಣತನವನ್ನಷ್ಟೇ ಎತ್ತಿಕೊಂಡರು. 2000ದ ‘ಸ್ಕೇರಿ ಮೂವಿ’ ಸಾವನ್ನು ಬರೀ ಚೇಷ್ಟೆಯಾಗಿಸಿತು. ನಗು ಬರುತ್ತದೆ, ಭಯ ಹತ್ತಿರ ಸುಳಿಯುವುದಿಲ್ಲ. 2012ರಲ್ಲಿ ಬಿಡುಗಡೆಯಾದ ಡ್ರೂ ಗಾಡರ್ಡ್ ಅವರ ‘ದ ಕ್ಯಾಬಿನ್ ಇನ್ ದ ವುಡ್ಸ್’ ಬುದ್ಧಿವಂತಿಕೆಯಲ್ಲಿ ಎಲ್ಲವನ್ನೂ ಮೀರಿಸುತ್ತದೆ. ಯುವಕರ ಸಾವಿನ ಮೇಲೆ ಬಾಜಿ ಕಟ್ಟುವ ಅದರ ಕಚೇರಿ ನೌಕರರು ನೆನಪಿನಲ್ಲಿ ಉಳಿಯುತ್ತಾರೆ, ಸಾಯುವ ಯುವಕರು ಅಷ್ಟಾಗಿ ಉಳಿಯುವುದಿಲ್ಲ. ಸ್ಕಾಟ್ ಗ್ಲಾಸರ್‌ಮನ್ ಅವರ ‘ಬಿಹೈಂಡ್ ದ ಮಾಸ್ಕ್’ (2006) ಕಡಿಮೆ ಜನ ನೋಡಿದ, ಹೆಚ್ಚು ಜನ ನೋಡಬೇಕಾದ ಚಿತ್ರ. ಓಡುವವರನ್ನು ನಡೆಯುತ್ತಲೇ ಹಿಡಿಯುವಂತೆ ಕಾಣಬೇಕಾದರೆ ಎಷ್ಟು ವ್ಯಾಯಾಮ ಬೇಕು ಎಂದು ಕೊಲೆಗಾರನೇ ಸಾಕ್ಷ್ಯಚಿತ್ರ ತಂಡಕ್ಕೆ ವಿವರಿಸುತ್ತಾನೆ. ಅವನ ಉತ್ಸಾಹಕ್ಕೆ ಮನಸೋತ ಮೇಲೆ ಚಾಕು ಹೊರಬಂದಾಗ, ನಾವೂ ಅವನ ಪಾಲುದಾರರಾಗಿದ್ದೆವೆಂದು ಅರಿವಾಗುತ್ತದೆ.

‘ಸ್ಕ್ರೀಮ್’ ಪಕ್ಕದಲ್ಲಿ ನಿಲ್ಲುವ ಯೋಗ್ಯತೆ ಇರುವುದು ಟಾಡ್ ಸ್ಟ್ರಾಸ್-ಶುಲ್ಸನ್ ನಿರ್ದೇಶನದ ‘ದ ಫೈನಲ್ ಗರ್ಲ್ಸ್’ಗೆ (2015). ತಾಯಿಯನ್ನು ಅಪಘಾತದಲ್ಲಿ ಕಳೆದುಕೊಂಡ ಮ್ಯಾಕ್ಸ್, ಆ ತಾಯಿ ಒಮ್ಮೆ ನಟಿಸಿದ್ದ ಹಳೆಯ ಸ್ಲ್ಯಾಶರ್‌ನೊಳಗೇ ಸಿಕ್ಕಿಬೀಳುತ್ತಾಳೆ. ಅಲ್ಲಿ ತಾಯಿಯ ಮುಖ ಇದೆ, ಆದರೆ ಅದು ಸಾಯಲೆಂದೇ ಬರೆದ ಪಾತ್ರ. ಕಥೆ ಪೂರ್ತಿ ಗೊತ್ತಿದ್ದೂ ಆ ಸಾವನ್ನು ತಡೆಯಲು ಮಗಳು ಒದ್ದಾಡುತ್ತಾಳೆ. ಚಿತ್ರಕಥೆ ಬರೆದ ಇಬ್ಬರಲ್ಲಿ ಒಬ್ಬರಾದ ಜೋಶುವಾ ಜಾನ್ ಮಿಲ್ಲರ್, ‘ದ ಎಕ್ಸಾರ್ಸಿಸ್ಟ್’ನಲ್ಲಿ (1973) ಫಾದರ್ ಕ್ಯಾರಸ್ ಆಗಿದ್ದ ಜೇಸನ್ ಮಿಲ್ಲರ್ ಅವರ ಮಗ. ತೆರೆಯ ಮೇಲೆ ಸಾಯುವ ತಂದೆಯನ್ನು ಕಂಡ ಮಗ ಬರೆದ ಕಥೆ ಇದು. ಹೊಸಬರು ‘ಹ್ಯಾಲೋವೀನ್’, ‘ಸ್ಕ್ರೀಮ್’, ‘ದ ಫೈನಲ್ ಗರ್ಲ್ಸ್’ ಮೂರನ್ನೂ ಇದೇ ಕ್ರಮದಲ್ಲಿ ನೋಡಲಿ. ಉಳಿದವನ್ನು ಆಮೇಲೆ ನೋಡಿದರೂ ನಡೆಯುತ್ತದೆ.